ಒಂದು ಮರಕ್ಕೆ ತೊಂಬತ್ತೊಂದು ಬಕೆಟ್ ನೀರು

ಮಾಗಡಿ ತಾಲ್ಲೂಕಿನ ಹುಲಿಕಲ್‌ಗೂ ಕುದೂರಿಗೂ ನಡುವೆ ಒಂದು ರಸ್ತೆ ಇದೆ. ಸುಮಾರು ನಾಲ್ಕು ಕಿಲೋಮೀಟರ್ ಉದ್ದ. ಎರಡೂ ಬದಿಗೆ ಆಲದ ಮರಗಳು. ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಚಿಕ್ಕಯ್ಯ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ ಬೆಳೆಸಿದ ಮರಗಳು ಅವು. ಒಟ್ಟು 385.

ಆ 385 ಕೇಳಿದ ಕೂಡಲೇ ‘ಅಬ್ಬಾ, ಇದು ನಮ್ಮ ಕೈಲಾಗುವ ಕೆಲಸ ಅಲ್ಲ’ ಅನ್ನಿಸುತ್ತದೆ ಅಲ್ವಾ? ನನ್ನ ಮನಸ್ಸಿಗೆ ಹಿಡಿಸಿದ ಲೆಕ್ಕ ಬೇರೆ. ಮೊದಲ ವರ್ಷ ಅವರು ನೆಟ್ಟಿದ್ದು ಹತ್ತೇ ಸಸಿ. ಮರುವರ್ಷ ಹದಿನೈದು. ಅದರಾಚೆ ವರ್ಷ ಇಪ್ಪತ್ತು. ಕೂಲಿ ಮಾಡಿ ಬದುಕುತ್ತಿದ್ದ ಗಂಡ ಹೆಂಡತಿ ಅವರು. ಎಷ್ಟು ನೀರು ಹೊರಬಲ್ಲೆವೋ ಅಷ್ಟೇ ಸಸಿ ನೆಡಬೇಕು ಅನ್ನುವುದನ್ನು ನಾನು ಕಲಿತಿದ್ದು ಈ ಹತ್ತು, ಹದಿನೈದು, ಇಪ್ಪತ್ತರಿಂದಲೇ.

ವನಮಹೋತ್ಸವ ಶುರುವಾಗಿದ್ದು 1950ರಲ್ಲಿ, ಆಗಿನ ಕೇಂದ್ರ ಸಚಿವ ಕೆ.ಎಂ. ಮುನ್ಷಿ ಅವರಿಂದ. ಒಳ್ಳೆಯ ಹಬ್ಬ ಅದು. ಆದರೆ ಹೋದ ವರ್ಷ ಸಸಿ ನೆಟ್ಟ ಗುಂಡಿಯಲ್ಲೇ ಈ ವರ್ಷ ಮತ್ತೆ ಸಸಿ ನೆಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೆಡುವುದು ಅರ್ಧ ಗಂಟೆಯ ಕೆಲಸ. ಉಳಿಸುವುದು ಮೂರು ಬೇಸಿಗೆಯ ಕೆಲಸ. ಈ ಲೇಖನ ಆ ಮೂರು ಬೇಸಿಗೆಯ ಬಗ್ಗೆ. ಮನೆ ಮುಂದೆ, ರಸ್ತೆ ಬದಿಗೆ, ಒಂದೇ ಒಂದು ಮರ. ನೂರು ಬೇಡ.

ಒಂದು ಮರದಿಂದ ಏನಾದೀತು ಅಂತ ಕೇಳುವವರಿಗೆ ಇದನ್ನು ಹೇಳಿ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನ ರಸ್ತೆಗಳಲ್ಲಿ ಅಳತೆ ಮಾಡಿ 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮರ ಇರುವ ಕಡೆ ಮಧ್ಯಾಹ್ನದ ಗಾಳಿಯ ಬಿಸಿ 5.6 ಡಿಗ್ರಿವರೆಗೆ ಕಡಿಮೆ ಇತ್ತು. ಡಾಂಬರಿನ ಬಿಸಿಯಂತೂ 27.5 ಡಿಗ್ರಿವರೆಗೆ ಕಡಿಮೆ. ಚಪ್ಪಲಿ ಇಲ್ಲದೆ ನಡೆಯುವವರಿಗೆ, ಬೀದಿ ನಾಯಿಗೆ, ತಳ್ಳುಗಾಡಿಯವರಿಗೆ ಈ ವ್ಯತ್ಯಾಸ ತಿಳಿಯಲು ಥರ್ಮಾಮೀಟರ್ ಬೇಕಿಲ್ಲ.

ಮೊದಲು ಜಾಗ ನೋಡಿ, ಸಸಿ ಆಮೇಲೆ

ಹೆಚ್ಚಿನವರು ಸಸಿ ತಂದು ಆಮೇಲೆ ಜಾಗ ಹುಡುಕುತ್ತಾರೆ. ತಪ್ಪು ಶುರುವಾಗುವುದೇ ಅಲ್ಲಿ.

ನಿಮಗೆ ತೋಚಿದ ಜಾಗದಲ್ಲಿ ನಿಂತು ಮೇಲೆ ನೋಡಿ. ಕರೆಂಟ್ ತಂತಿ ಇದೆಯೇ? ಇದ್ದರೆ ದೊಡ್ಡ ಮರ ಅಲ್ಲಿ ಬೇಡ. ಹತ್ತು ವರ್ಷ ಸಾಕಿದ ಮರದ ತಲೆಯನ್ನು ಪ್ರತಿ ಮಳೆಗಾಲಕ್ಕೆ ಮುಂಚೆ ಲೈನ್‌ಮನ್ ಬಂದು ಕತ್ತರಿಸುತ್ತಾರೆ. ಅವರದು ತಪ್ಪಲ್ಲ, ನೆಟ್ಟ ಜಾಗ ತಪ್ಪು. ಈಗ ಕೆಳಗೆ ನೋಡಿ. ನೀರಿನ ಪೈಪು, ಒಳಚರಂಡಿ ಚೇಂಬರ್, ಗ್ಯಾಸ್ ಪೈಪಿನ ಗುರುತು ಎಲ್ಲಿದೆ? ಚರಂಡಿ ಅಂಚಿನಿಂದ ಮೂರು ಅಡಿಯಾದರೂ ಬಿಡಿ. ಕಾಂಪೌಂಡ್ ಗೋಡೆಗೆ ಅಂಟಿಸಿ ನೆಡಬೇಡಿ. ತಿರುವಿನ ಮೂಲೆಯಲ್ಲೂ ಬೇಡ, ಎದುರಿಗೆ ಬರುವ ಗಾಡಿ ಕಾಣುವುದಿಲ್ಲ.

ಇನ್ನೊಂದು ಮಾತು. ನಿಮ್ಮ ನಲ್ಲಿಯಿಂದ ಆ ಜಾಗಕ್ಕೆ ಎಷ್ಟು ಹೆಜ್ಜೆ? ತುಂಬಿದ ಬಕೆಟ್ ಹಿಡಿದು ನಡೆದು ನೋಡಿ. ಐವತ್ತು ಹೆಜ್ಜೆಗಿಂತ ಜಾಸ್ತಿ ಇದ್ದರೆ ಹತ್ತಿರದ ಜಾಗ ಹುಡುಕಿ. ಫೆಬ್ರವರಿಯಲ್ಲಿ ನಡೆಯುವ ಐವತ್ತು ಹೆಜ್ಜೆಗೂ ಮೇ ತಿಂಗಳಲ್ಲಿ ನಡೆಯುವ ಐವತ್ತು ಹೆಜ್ಜೆಗೂ ತುಂಬಾ ವ್ಯತ್ಯಾಸ ಇದೆ.

ಜಾಗ ಯಾರದ್ದು ಅಂತ ಕೇಳಿಕೊಳ್ಳಿ. ಪಟ್ಟಣದಲ್ಲಾದರೆ ಪಾಲಿಕೆ ಅಥವಾ ಪುರಸಭೆ, ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿ, ದೊಡ್ಡ ರಸ್ತೆ ಆದರೆ ಲೋಕೋಪಯೋಗಿ ಇಲಾಖೆ. ಒಂದು ಅರ್ಜಿ ಬರೆದು ಕೊಟ್ಟು, ಅದರ ಪ್ರತಿಗೆ ಸೀಲು ಹಾಕಿಸಿ ಇಟ್ಟುಕೊಳ್ಳಿ. ಈ ಕಾಗದ ಯಾಕೆ ಬೇಕು ಅಂತ ಮುಂದೆ ಹೇಳುತ್ತೇನೆ.

ಯಾವ ಗಿಡ?

ತಂತಿ ಇಲ್ಲದ, ಅಗಲ ಜಾಗಕ್ಕೆ ಹೊಂಗೆ, ಬೇವು, ನೇರಳೆ, ಹುಣಸೆ. ಸ್ವಲ್ಪ ಕಿರಿದಾದ ರಸ್ತೆಗೆ ಸಂಪಿಗೆ, ರೆಂಜೆ, ಹೊಳೆದಾಸವಾಳ. ತಂತಿ ಕೆಳಗೆ ಆದರೆ ಪಾರಿಜಾತದಂಥ ಸಣ್ಣ ಜಾತಿ ಸಾಕು. ಆಲ, ಅರಳಿ, ಅತ್ತಿ, ಗೋಣಿ ಇವು ಹಕ್ಕಿಗಳಿಗೆ ಅನ್ನ ಹಾಕುವ ಮರಗಳು. ಆದರೆ ಬೇರು ದೂರ ಹರಿಯುತ್ತದೆ, ಕೊಂಬೆ ಅಗಲಕ್ಕೆ ಚಾಚುತ್ತದೆ. ಮನೆ ಸಾಲಿನ ರಸ್ತೆಗೆ ಬೇಡ. ಊರ ಹೊರಗಿನ ರಸ್ತೆ, ಕೆರೆ ಏರಿಯ ಕೆಳಗಿನ ಬಯಲು, ಶಾಲೆಯ ಮೈದಾನದ ಅಂಚು ಇವುಗಳಿಗೆ ಹೇಳಿ ಮಾಡಿಸಿದ್ದು.

ಬೇಗ ಬೆಳೆಯುತ್ತದೆ ಅನ್ನುವ ಒಂದೇ ಕಾರಣಕ್ಕೆ ಗಿಡ ಆರಿಸಬೇಡಿ. ಕೆಂಪು ಹೂವಿನ ಗುಲ್‌ಮೊಹರ್ ನೋಡಲು ಚಂದ, ಆದರೆ ಅದರ ಕೊಂಬೆ ಮೆದು, ಮುಂಗಾರಿಗೆ ಮುಂಚಿನ ಗಾಳಿ ಮಳೆಗೆ ಮುರಿದು ಬೀಳುವುದು ಜಾಸ್ತಿ. ಈಗ ಎಲ್ಲೆಡೆ ಸಾಲಾಗಿ ನೆಡುತ್ತಿರುವ ಕೊನೊಕಾರ್ಪಸ್ ಗಿಡವನ್ನು ಗುಜರಾತ್ ಸರ್ಕಾರ 2023ರಲ್ಲೇ ನಿಷೇಧಿಸಿತು.

ನನ್ನನ್ನು ಕೇಳಿದರೆ, ಮೊದಲ ಸಲ ನೆಡುವವರಿಗೆ ಹೊಂಗೆಯೇ ಸರಿ. ‘ತಾಯಿ ಮಡಿಲು, ಹೊಂಗೆ ನೆರಳು’ ಅಂತ ಹಿರಿಯರು ಸುಮ್ನೆ ಹೇಳಲಿಲ್ಲ. ಬಿಸಿಲಿಗೆ ಜಗ್ಗುವುದಿಲ್ಲ, ಕೆಟ್ಟ ಮಣ್ಣಿನಲ್ಲೂ ಬರುತ್ತದೆ. ದ್ವಿದಳ ಜಾತಿಯಾದ್ದರಿಂದ ಬೇರಿನ ಗಂಟುಗಳಲ್ಲಿ ತಾನೇ ಸಾರಜನಕ ಕೂಡಿಸಿಕೊಳ್ಳುತ್ತದೆ. ನೆರಳು ದಟ್ಟ.

ಗುಂಡಿ, ಸಸಿ, ನೆಡುವ ದಿನ

ಗುಂಡಿಯನ್ನು ಬೇಸಿಗೆಯಲ್ಲೇ ತೋಡಿ. ಏಪ್ರಿಲ್ ಕೊನೆ ಅಥವಾ ಮೇ. ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ರಸ್ತೆ ಬದಿಯಲ್ಲಿ ತೋಡಿದರೆ ಜಲ್ಲಿ, ಸಿಮೆಂಟ್ ಚೂರು, ಪ್ಲಾಸ್ಟಿಕ್ ಎಲ್ಲ ಸಿಗುತ್ತದೆ. ಹಾರೆ ಇಲ್ಲದೆ ಆಗದು. ಮೇಲಿನ ಒಂದಡಿ ಮಣ್ಣನ್ನು ಒಂದು ಕಡೆ, ಕೆಳಗಿನದ್ದನ್ನು ಇನ್ನೊಂದು ಕಡೆ ಹಾಕಿ. ಎರಡು ವಾರ ಗುಂಡಿಗೆ ಬಿಸಿಲು ಬೀಳಲಿ. ಮೇಲೆ ಒಂದು ಹಲಗೆಯನ್ನೋ ಮುಳ್ಳನ್ನೋ ಹಾಕಿಡಿ, ಮಕ್ಕಳು ಓಡಾಡುವ ಜಾಗ.

ತುಂಬುವಾಗ ಒಳ್ಳೆಯ ಮೇಲ್ಮಣ್ಣು ಕೆಳಕ್ಕೆ ಹೋಗಬೇಕು. ಅದರ ಜೊತೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಬಾಂಡ್ಲಿ, ಗೆದ್ದಲಿನ ಕಾಟ ಇದ್ದರೆ ಬೇವಿನ ಹಿಂಡಿ ಒಂದು ಹಿಡಿ. ಹಸಿ ಸಗಣಿ ಹಾಕಬೇಡಿ. ಅದು ಬಿಸಿ, ಗೆದ್ದಲನ್ನೂ ಕರೆಯುತ್ತದೆ.

ಸಸಿಗೆ ಅರಣ್ಯ ಇಲಾಖೆಯ ನರ್ಸರಿಗೆ ಹೋಗಿ. ಮಳೆಗಾಲಕ್ಕೆ ಮುಂಚೆ ಕಡಿಮೆ ಬೆಲೆಗೆ ಕೊಡುತ್ತಾರೆ. ಅಲ್ಲಿ ಚೀಲದ ಅಳತೆಯ ಮೇಲೆ ದರ: 5×8, 6×9, 8×12 ಇಂಚು, ಹೀಗೆ. ಹೊಲದ ಬದುವಿಗೆ ಸಣ್ಣ ಚೀಲ ಸಾಕು. ರಸ್ತೆ ಬದಿಗೆ 8×12 ಅಥವಾ ಅದಕ್ಕಿಂತ ದೊಡ್ಡದೇ ತನ್ನಿ. ನಿಮ್ಮ ಎದೆಮಟ್ಟ ಇರುವ ಸಸಿ ಬೇಕು. ಆದರೆ ಎತ್ತರ ನೋಡಿ ಮರುಳಾಗಬೇಡಿ. ಕಾಂಡ ಹೆಬ್ಬೆರಳಿನಷ್ಟು ದಪ್ಪ ಇದೆಯೇ, ತುದಿ ಮುರಿದಿಲ್ಲ ತಾನೇ, ಚೀಲದ ಕೆಳಗಿನಿಂದ ಬೇರು ಹೊರಬಂದು ನೆಲಕ್ಕೆ ಇಳಿದಿಲ್ಲ ತಾನೇ, ಇಷ್ಟು ನೋಡಿ. (ರೈತರು ಸ್ವಂತ ಹೊಲದಲ್ಲಿ ನೆಡುವುದಾದರೆ ವಲಯ ಅರಣ್ಯ ಕಚೇರಿಯಲ್ಲಿ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಬಗ್ಗೆ ಕೇಳಿ. ಅಲ್ಲಿ ಹಣ ಕೊಡುವುದು ನೆಟ್ಟ ಗಿಡಕ್ಕಲ್ಲ, ಬದುಕಿದ ಗಿಡಕ್ಕೆ, ಮೂರು ವರ್ಷ. ಈ ಲೆಕ್ಕ ನನಗೆ ತುಂಬಾ ಇಷ್ಟ.)

ನೆಡಲು ಜೂನ್ 5ರ ಪರಿಸರ ದಿನವನ್ನೇ ಕಾಯಬೇಡಿ. ಎರಡು ಹದವಾದ ಮಳೆ ಬಿದ್ದು ಮಣ್ಣು ಒಂದಡಿ ನೆನೆದಿರಬೇಕು. ಹಳೆ ಮೈಸೂರು ಕಡೆ ಮೃಗಶಿರ, ಆರಿದ್ರಾ ಮಳೆ ಹೊತ್ತಿಗೆ ಸರಿಹೋಗುತ್ತದೆ. ಕೋಲಾರ, ತುಮಕೂರು, ಬೆಂಗಳೂರಿನ ಕಡೆ ಮುಂಗಾರು ಕೈಕೊಟ್ಟರೂ ಚಿಂತೆ ಬೇಡ. ಅಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ದೊಡ್ಡದು.

ಸಂಜೆ ಹೊತ್ತು ನೆಡಿ. ಚೀಲವನ್ನು ಬ್ಲೇಡಿನಿಂದ ಸೀಳಿ ಪೂರ್ತಿ ತೆಗೆಯಿರಿ. ಒಣಗಿ ಸತ್ತ ಗಿಡಗಳನ್ನು ಕಿತ್ತು ನೋಡಿದಾಗ ಎಷ್ಟೋ ಸಲ ಬೇರು ಇನ್ನೂ ಕಪ್ಪು ಚೀಲದೊಳಗೇ ಸುತ್ತಿಕೊಂಡಿರುವುದು ಕಂಡಿದ್ದೇನೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಬೇರು ಸುರುಳಿ ಸುತ್ತಿದ್ದರೆ ಬೆರಳಿನಿಂದ ಬಿಡಿಸಿ, ತೀರಾ ಸುತ್ತಿದ್ದನ್ನು ಕತ್ತರಿಸಿ. ಚೀಲದಲ್ಲಿ ಮಣ್ಣು ಎಲ್ಲಿಯವರೆಗೆ ಇತ್ತೋ ಗುಂಡಿಯಲ್ಲೂ ಅಲ್ಲಿಯವರೆಗೇ ಇರಲಿ, ಕಾಂಡವನ್ನು ಹೂಳಬೇಡಿ. ಸುತ್ತ ಕಾಲಲ್ಲಿ ಮೆಲ್ಲಗೆ ತುಳಿದು, ಎರಡಡಿ ಅಗಲದ ಪಾತಿ ಕಟ್ಟಿ, ಒಂದು ಬಕೆಟ್ ನೀರು ನಿಧಾನವಾಗಿ ಹಾಕಿ. ಮಳೆ ಬರುತ್ತಿದ್ದರೂ ಹಾಕಿ. ಬೇರಿನ ಪಕ್ಕ ಉಳಿದ ಗಾಳಿಯ ಸಂದು ಮುಚ್ಚಬೇಕು.

ಪಕ್ಕದಲ್ಲಿ ಒಂದು ಆಸರೆ ಕೋಲು ನೆಡಿ. ಸೆಣಬಿನ ದಾರದಿಂದ ಎಂಟರ ಆಕಾರದಲ್ಲಿ, ಸಡಿಲವಾಗಿ ಕಟ್ಟಿ. ಪ್ಲಾಸ್ಟಿಕ್ ದಾರ, ವೈರು ಬೇಡವೇ ಬೇಡ. ಕಾಂಡ ದಪ್ಪ ಆದಂತೆ ಅದು ಕತ್ತು ಹಿಸುಕುತ್ತದೆ.

ಬೇಲಿ

ನಮ್ಮ ಮನೆ ಮುಂದಿನ ಹೊಂಗೆ ಮೂರನೆಯ ಸಲ ನೆಟ್ಟದ್ದು. ಮೊದಲನೆಯದನ್ನು ಬೇಲಿ ಇಲ್ಲದೆ ನೆಟ್ಟೆವು. ಹನ್ನೊಂದನೇ ದಿನ ಮೇಕೆ ತಿಂದು ಹೋಯಿತು. ಎರಡನೆಯದಕ್ಕೆ ಬೇಲಿ ಇತ್ತು, ಚೆನ್ನಾಗಿ ಚಿಗುರಿತ್ತು. ಕೇಬಲ್ ಹಾಕುವವರು ರಾತ್ರೋರಾತ್ರಿ ಅಗೆದಾಗ ಬೇರು ಸಮೇತ ಹೋಯಿತು. ಬೆಳಿಗ್ಗೆ ನೋಡಿದರೆ ಬೇಲಿ ಒಂದು ಕಡೆ, ಗಿಡ ಮಣ್ಣಿನ ಗುಡ್ಡೆಯ ಕೆಳಗೆ. ನನ್ನ ಮಗಳು ಅವತ್ತು ಊಟ ಸರಿಯಾಗಿ ಮಾಡಲಿಲ್ಲ. ಆಗ ಸೀಲು ಹಾಕಿಸಿದ ಒಂದು ಕಾಗದ ನಮ್ಮ ಹತ್ತಿರ ಇದ್ದಿದ್ದರೆ ಕೇಳುವುದಕ್ಕೆ ಒಂದು ಆಧಾರ ಇರುತ್ತಿತ್ತು. ಅದಕ್ಕೇ ಅರ್ಜಿಯ ಮಾತು ಹೇಳಿದ್ದು.

ಬೇಲಿ ಐದಡಿ ಎತ್ತರ ಇರಲಿ. ಮೇಕೆ ಮುಂಗಾಲು ಎತ್ತಿ ನಿಂತರೆ ಅದರ ಬಾಯಿ ಎಲ್ಲಿಗೆ ಹೋಗುತ್ತದೆ ಅಂತ ಒಮ್ಮೆ ನೋಡಿ, ಅರ್ಥವಾಗುತ್ತದೆ. ಹಳ್ಳಿಯಲ್ಲಿ ಜಾಲಿ ಮುಳ್ಳು ಸಾಕು, ಖರ್ಚೇ ಇಲ್ಲ. ಪೇಟೆಯಲ್ಲಿ ಬಿದಿರಿನ ತಟ್ಟಿ ಅಥವಾ ಕಬ್ಬಿಣದ ಜಾಲರಿ. ಮೊದಲ ಕೆಲವು ತಿಂಗಳು ಎಲೆ ಮೇಲೆ ಸಗಣಿ ನೀರು ಚಿಮುಕಿಸಿದರೆ ಮೇಕೆ ಬಾಯಿ ಹಾಕುವುದು ಕಡಿಮೆ. ಮಳೆ ಬಂದು ತೊಳೆದುಹೋದರೆ ಮತ್ತೆ ಚಿಮುಕಿಸಿ.

ತೊಂಬತ್ತೊಂದು ಬಕೆಟ್

ಇನ್ನು ಮುಖ್ಯವಾದದ್ದು. ಮಳೆಗಾಲ ಮುಗಿದ ಮೇಲೆ, ಡಿಸೆಂಬರ್‌ನಿಂದ ಮೇ ಕೊನೆಯವರೆಗೆ 26 ವಾರ. ಮೊದಲ ಬೇಸಿಗೆಯಲ್ಲಿ ವಾರಕ್ಕೆ ಎರಡು ಬಕೆಟ್, ಒಟ್ಟು 52. ಎರಡನೇ ಬೇಸಿಗೆಯಲ್ಲಿ ವಾರಕ್ಕೆ ಒಂದು, 26. ಮೂರನೇ ಬೇಸಿಗೆಯಲ್ಲಿ ಎರಡು ವಾರಕ್ಕೊಂದು, 13. ಕೂಡಿಸಿದರೆ 91. ಬಕೆಟ್‌ಗೆ 20 ಲೀಟರ್ ಅಂದರೆ 1,820 ಲೀಟರ್. 4,000 ಲೀಟರಿನ ಒಂದು ಟ್ಯಾಂಕರ್ ನೀರಿನ ಅರ್ಧವೂ ಆಗಲಿಲ್ಲ ನೋಡಿ.

ಕಲಬುರಗಿ, ರಾಯಚೂರು, ಬಳ್ಳಾರಿ ಬಿಸಿಲಿಗೆ ಇದು ಸಾಲದು. ಮೊದಲ ಬೇಸಿಗೆಯಲ್ಲಿ ಏಪ್ರಿಲ್, ಮೇ ತಿಂಗಳು ವಾರಕ್ಕೆ ಮೂರು ಹಾಕಿ. ಬೇಸಿಗೆ ಮಳೆ ಚೆನ್ನಾಗಿ ಬಂದ ವಾರ ಬಿಡಬಹುದು. ಆದರೆ ಮೋಡ ನೋಡಿ ಬಿಡಬೇಡಿ. ಪಾತಿಯ ಮಣ್ಣಿಗೆ ಬೆರಳು ಚುಚ್ಚಿ, ಎರಡು ಗೆಣ್ಣು ಒಳಗೆ ತಂಪಿದ್ದರೆ ಮಾತ್ರ ಬಿಡಿ.

ದಿನಾ ಒಂದು ಚೊಂಬು ಹಾಕುವುದಕ್ಕಿಂತ ವಾರಕ್ಕೆರಡು ಸಲ ಬಕೆಟ್ ತುಂಬಾ ಹಾಕುವುದು ಒಳ್ಳೆಯದು. ಚೊಂಬು ನೀರು ಮೇಲೆಯೇ ಇಂಗಿ ಆರುತ್ತದೆ, ಬೇರೂ ಮೇಲೆಯೇ ಉಳಿಯುತ್ತದೆ. ಬಕೆಟ್ ನೀರು ಕೆಳಗಿಳಿದರೆ ಬೇರು ಅದರ ಹಿಂದೆ ಕೆಳಗಿಳಿಯುತ್ತದೆ. ಎರಡನೇ, ಮೂರನೇ ವರ್ಷ ನಾವು ಕೈ ಹಿಂದೆ ತೆಗೆಯುವುದೂ ಇದಕ್ಕೇ. ಗಿಡ ತಾನೇ ನೀರು ಹುಡುಕಲು ಕಲಿಯಬೇಕು.

ದಿನ ಗೊತ್ತು ಮಾಡಿ. ನಮ್ಮ ಮನೆಯಲ್ಲಿ ಬುಧವಾರ ನನ್ನದು, ಶನಿವಾರ ಮಗಳದು. ಕ್ಯಾಲೆಂಡರಿನಲ್ಲಿ ಒಂದೊಂದು ಬಕೆಟ್‌ಗೆ ಒಂದೊಂದು ಗೀಟು ಹಾಕುತ್ತಿದ್ದೆವು. ಗೀಟು ಹಾಕಲಿಕ್ಕಾದರೂ ಅವಳು ನೀರು ಹಾಕುತ್ತಿದ್ದಳು.

ಕುಡಿಯುವ ನೀರೇ ಬೇಕಿಲ್ಲ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಒಂದು ಬಕೆಟ್‌ನಲ್ಲಿ ಕೂಡಿಡಿ. ಮನೆಯಲ್ಲಿ ಎ.ಸಿ. ಇದ್ದರೆ ಅದರಿಂದ ತೊಟ್ಟಿಕ್ಕುವ ನೀರೂ ಆಗುತ್ತದೆ. ಬಟ್ಟೆ ತೊಳೆದ ಸೋಪಿನ ನೀರು ಬೇಡ. ಕುಡಿಯುವ ನೀರಿನ ಆರ್‌ಒ ಫಿಲ್ಟರ್ ಬೇಡ ಅಂತ ಹೊರಹಾಕುವ ನೀರಿನಲ್ಲಿ ಉಪ್ಪು ಜಾಸ್ತಿ. ಅದೊಂದನ್ನೇ ವರ್ಷವಿಡೀ ಹಾಕಿದರೆ ಮಣ್ಣು ಕೆಡುತ್ತದೆ.

ಪಾತಿಯನ್ನು ಬರಿದಾಗಿ ಬಿಡಬೇಡಿ. ಒಣ ಎಲೆ, ಹುಲ್ಲು, ತೆಂಗಿನ ನಾರು ಏನಾದರೂ ನಾಲ್ಕು ಬೆರಳು ದಪ್ಪ ಹರಡಿ. ಕಾಂಡಕ್ಕೆ ಮಾತ್ರ ತಾಗದಿರಲಿ. ನಿಮ್ಮ ಬೀದಿ ಗುಡಿಸಿದ ಎಲೆಗೆ ಬೆಂಕಿ ಹಾಕುತ್ತಾರಲ್ಲ, ಅದನ್ನೇ ಕೇಳಿ ತನ್ನಿ. ಬೇಸಿಗೆ ರಜೆಗೆ ಊರಿಗೆ ಹೋಗುವವರು ಒಂದು ಮಣ್ಣಿನ ಮಡಕೆಯ ತಳಕ್ಕೆ ಸಣ್ಣ ತೂತು ಮಾಡಿ, ಹತ್ತಿ ಬತ್ತಿ ತೂರಿಸಿ, ಕಾಂಡದಿಂದ ಒಂದಡಿ ದೂರದಲ್ಲಿ ಕತ್ತಿನವರೆಗೆ ಹೂಳಿ. ನೀರು ತುಂಬಿ ಮುಚ್ಚಳ ಮುಚ್ಚಿ, ಇಲ್ಲದಿದ್ದರೆ ಸೊಳ್ಳೆ. ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿಹೋದರೆ ಇನ್ನೂ ಒಳ್ಳೆಯದು.

ಸತ್ತಿದೆ ಅಂದುಕೊಂಡು ಕೀಳಬೇಡಿ

ಎರಡನೇ ಬೇಸಿಗೆಯ ಫೆಬ್ರವರಿಯಲ್ಲಿ ನಮ್ಮ ಹೊಂಗೆಯ ಎಲೆಯೆಲ್ಲ ಹಳದಿಯಾಗಿ ಉದುರಿತು. ಮಾರ್ಚ್ ಮೊದಲ ವಾರ ಬರೀ ಕಡ್ಡಿ ನಿಂತಿತ್ತು. ನಾನು ಕಿತ್ತು ಬೇರೆ ನೆಡೋಣ ಅಂತ ಬೇಲಿಗೆ ಕೈ ಹಾಕಿದ್ದೆ. ಪಕ್ಕದ ಮನೆ ಅಜ್ಜಿ ಗೇಟಿನಿಂದಲೇ ಕೂಗಿದರು. “ಉಗುರಲ್ಲಿ ಕೆರೆದು ನೋಡು ಮಗಾ.” ಹೆಬ್ಬೆರಳಿನ ಉಗುರಿನಿಂದ ತೊಗಟೆಯನ್ನು ಒಂದಿಷ್ಟು ಕೆರೆದೆ. ಬೂದು ಬಣ್ಣದ ಸಿಪ್ಪೆಯ ಕೆಳಗೆ ಸೌತೆಕಾಯಿ ಸಿಪ್ಪೆಯಂಥ ಹಸಿರು. ಬೆರಳಿಗೆ ತೇವ ಹತ್ತಿತು. ಯುಗಾದಿ ಹೊತ್ತಿಗೆ ಪ್ರತಿ ಗೆಣ್ಣಿನಲ್ಲೂ ಎಣ್ಣೆ ಸವರಿದ ಹಾಗೆ ಮಿರಮಿರ ಮಿನುಗುವ ಎಳೆ ಎಲೆ.

ಹೊಂಗೆ ಹಾಗೇ. ಬೇಸಿಗೆ ಶುರುವಿನಲ್ಲಿ ಕೆಲವು ದಿನ ಬೋಳಾಗಿ, ಯುಗಾದಿಗೆ ಚಿಗುರುತ್ತದೆ. ಆದ್ದರಿಂದ ಯಾವ ಗಿಡವನ್ನೂ ಉಗುರಲ್ಲಿ ಕೆರೆಯದೆ ಕೀಳಬೇಡಿ. ತುದಿಯಲ್ಲಿ ಕಂದು ಇದ್ದರೆ ಕೆಳಗೆ ಕೆರೆದು ನೋಡಿ. ಎಲ್ಲಿ ಹಸಿರು ಸಿಗುತ್ತದೋ ಅದರ ಸ್ವಲ್ಪ ಮೇಲಕ್ಕೆ ಕತ್ತರಿಸಿ, ನೀರು ಮುಂದುವರಿಸಿ. ಹೊಂಗೆ ಎಲೆ ಮೇಲೆ ಬಿಳಿ ಗೆರೆ, ಸಣ್ಣ ಗುಳ್ಳೆ ಬರುವುದು ಮಾಮೂಲು. ಅದಕ್ಕೆ ಔಷಧಿ ಹೊಡೆಯುವ ಅಗತ್ಯ ಇಲ್ಲ.

ನಿಜವಾಗಿಯೂ ಸತ್ತರೆ? ಬೇಸರ ಆಗುತ್ತದೆ. ಯಾಕೆ ಸತ್ತಿತು ಅಂತ ಕಿತ್ತು ನೋಡಿ: ಬೇರು ಕೊಳೆತಿದೆಯೇ, ಗೆದ್ದಲು ತಿಂದಿದೆಯೇ, ಒಣಗಿದೆಯೇ. ಅದೇ ಗುಂಡಿಗೆ ಮುಂದಿನ ಮಳೆಗೆ ಮತ್ತೊಂದು ನೆಡಿ. ಗುಂಡಿ ತೋಡಿದ ಶ್ರಮ ಉಳಿಯಿತಲ್ಲ.

ಉಳಿದ ಸಣ್ಣ ಕೆಲಸಗಳು

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಅನ್ನುವುದು ಇಲ್ಲಿ ಅಕ್ಷರಶಃ ನಿಜ. ಎರಡನೇ ವರ್ಷದಿಂದ ಕೆಳಗಿನ ಕೊಂಬೆಗಳನ್ನು ಸ್ವಲ್ಪ ಸ್ವಲ್ಪವೇ ತೆಗೆಯುತ್ತಾ ಬನ್ನಿ. ಜನ ತಲೆ ಬಗ್ಗಿಸದೆ ಓಡಾಡುವ ಎತ್ತರಕ್ಕೆ ಮೊದಲ ಕವಲು ಬರಲಿ. ಒಂದೇ ದಿನ ಎಲ್ಲ ಬೋಳಿಸಬೇಡಿ. ಒಂದು ವರ್ಷ ಆದ ಮೇಲೆ ಆಸರೆ ಕೋಲು ಕಿತ್ತುಬಿಡಿ, ಗಾಳಿಗೆ ಆಡಿದರೇ ಕಾಂಡ ಗಟ್ಟಿಯಾಗುವುದು.

ಫುಟ್‌ಪಾತ್ ಕೆಲಸ ಬಂದಾಗ ಮನೆಯಲ್ಲಿ ಇರಿ. ಬುಡದವರೆಗೂ ಸಿಮೆಂಟ್ ಬಳಿದುಬಿಡುತ್ತಾರೆ. ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ಇರಕೂಡದು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಯ ಮರಗಳ ವಿಷಯದಲ್ಲಿ ಆದೇಶ ಕೊಟ್ಟಿತ್ತು. ಕೆಲಸ ಮಾಡುವ ಮೇಸ್ತ್ರಿಗೆ ಟೀ ಕೊಟ್ಟು, ಇದನ್ನು ತಾಳ್ಮೆಯಿಂದ ಹೇಳಿದರೆ ಕೇಳುತ್ತಾರೆ. ನನ್ನ ಅನುಭವದ ಮಾತು ಇದು.

ಪ್ರತಿ ವರ್ಷ ಒಂದೇ ದಿನ, ಒಂದೇ ಜಾಗದಿಂದ ಮರದ ಒಂದು ಫೋಟೊ ತೆಗೆದಿಡಿ. ನಾಳೆ ಯಾರಾದರೂ ಕಡಿಯಲು ಬಂದರೆ, ಅನುಮತಿ ಪತ್ರ ಎಲ್ಲಿ ಅಂತ ಕೇಳಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ಮರ ಅಧಿಕಾರಿಯ ಅನುಮತಿ ಬೇಕು. 2019ರಲ್ಲಿ ರಸ್ತೆ ಅಗಲ ಮಾಡುವಾಗ ತಿಮ್ಮಕ್ಕನವರ ಆಲದ ಮರಗಳಿಗೇ ಕುತ್ತು ಬಂದಿತ್ತು. ಅದೇ ವರ್ಷ ಪದ್ಮಶ್ರೀ ಪಡೆದಿದ್ದ, ನೂರು ದಾಟಿದ್ದ ಆ ತಾಯಿಯೇ ಮುಖ್ಯಮಂತ್ರಿಗೆ ಮೊರೆ ಇಡಬೇಕಾಯಿತು. ಬೆಳೆದ ಮರವನ್ನೂ ಯಾರಾದರೂ ನಮ್ಮದು ಅಂತ ಕಾಯುತ್ತಿರಬೇಕು.

ಮೂರನೇ ಬೇಸಿಗೆ ಕಳೆದು ಮಳೆ ಬಿದ್ದ ಮೇಲೆ ಬೇಲಿ ಬಿಚ್ಚಿ. ತಡ ಮಾಡಬೇಡಿ, ಕಬ್ಬಿಣದ ಜಾಲರಿ ಬಿಟ್ಟರೆ ಕಾಂಡದೊಳಕ್ಕೆ ಇಳಿಯುತ್ತದೆ. ನಮ್ಮ ಹೊಂಗೆಗೆ ಈಗ ಐದು ವರ್ಷ. ಸೊಪ್ಪು ಮಾರುವ ಅಮ್ಮ ಬೆಳಿಗ್ಗೆ ಹತ್ತಕ್ಕೆ ಅದರ ಕೆಳಗೆ ಬುಟ್ಟಿ ಇಳಿಸಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ. ಅದಕ್ಕೆ ಹಾಕಿದ್ದ ಜಾಲರಿ ಈಗ ಎದುರು ಮನೆಯ ಸಂಪಿಗೆಗೆ ಇದೆ. ಸಂಪಿಗೆಗೆ ಇದು ಎರಡನೇ ಬೇಸಿಗೆ. ಅವರ ಕ್ಯಾಲೆಂಡರಿನಲ್ಲಿ ಮೊನ್ನೆ ಭಾನುವಾರಕ್ಕೆ ಅರವತ್ತೊಂದು ಗೀಟು ಆಗಿತ್ತು.